ಜಗಲಿಗೆ ಬಂದ ಕೌಂಟರು

ಗೃಹಪ್ರವೇಶದ ಹೋಮದ ಹೊಗೆ ಇನ್ನೂ ಮನೆಯೊಳಗೇ ಸುತ್ತುತ್ತಿತ್ತು. ಊಟ ಮುಗಿಸಿ ಎಲೆಅಡಿಕೆ ಬಾಯಿಗಿಟ್ಟವರನ್ನು ಭಾವ ಇಬ್ಬಿಬ್ಬರನ್ನಾಗಿ ಮಹಡಿಗೆ ಕರೆದೊಯ್ಯುತ್ತಿದ್ದರು. ಕೊಪ್ಪದಿಂದ ಜಯಪುರದ ಕಡೆಗೆ ಹೋಗುವ ದಾರಿಯಲ್ಲಿ ಗುಡ್ಡದ ಪಕ್ಕೆ ಕಡಿದು ಸಮ ಮಾಡಿದ ಜಾಗ ಅದು. ಮಹಡಿಯ ಕಿಟಕಿಗೆ ನಿಂತರೆ ಅಡಿಕೆಮರದ ತಲೆಗಳ ಮೇಲೆ ಮೋಡ ಇಳಿಯುವುದು ಕಾಣುತ್ತದೆ. ಭಾವ ತೋರಿಸಲು ಕರೆದದ್ದು ಅದನ್ನಲ್ಲ. ಕಿಟಕಿಯ ಎದುರಿನ ಗೋಡೆಗೆ ಒಂದು ಕಟ್ಟೆ ಎದ್ದಿತ್ತು. ತಲೆಯ ಮೇಲೆ ಕರಿ ಗ್ರಾನೈಟು, ಮೈಗೆ ಮರದ ಗೀರು ಅಚ್ಚೊತ್ತಿದ ಸನ್‌ಮೈಕಾ. ಹಿಂದೆ ಗಾಜಿನ ಹಲಗೆಗಳು, ಅವುಗಳ ಹಿಂದೆ ನಿಮಿಷಕ್ಕೊಂದು ಬಣ್ಣಕ್ಕೆ ತಿರುಗುವ ದೀಪ. ಮುಂದೆ ಕೆಂಪು ರೆಕ್ಸಿನ್ ಹೊದಿಸಿದ, ಉದ್ದ ಕಾಲಿನ ನಾಲ್ಕು ಸ್ಟೂಲು.

“ಹೆಂಗಿದೆ?”

“ಇಷ್ಟೊಳ್ಳೆ ಕಿಟಕಿಗೆ ಬೆನ್ನು ಹಾಕಿ ಕೂರಬೇಕಾ ಭಾವ?”

“ಬಾರ್ ಅಂದ್ಮೇಲೆ ಕೌಂಟರು ಬೇಡ್ವನಾ ಮಾರಾಯ!”

ಈ ಮಾತನ್ನು ಭಾವ ಒಬ್ಬರೇ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷಗಳಲ್ಲಿ ಎದ್ದ ಎಷ್ಟೋ ಹೊಸ ಮನೆಗಳಲ್ಲಿ ಇದೇ ಕಟ್ಟೆ, ಇದೇ ಸ್ಟೂಲು. ಮನೆಯಲ್ಲಿ ಕುಡಿಯುವ ಜಾಗ ಎಂದರೆ ಕೌಂಟರು, ಅದರ ಮುಂದೆ ಎತ್ತರದ ಆಸನ, ಅದರ ಹಿಂದೆ ಬಾಟಲಿಗಳ ಪ್ರದರ್ಶನ ಎಂಬುದು ನಕ್ಷೆ ಹಾಕುವ ಎಂಜಿನಿಯರಿನಿಂದ ಹಿಡಿದು ಪೇಟೆಯ ಫರ್ನಿಚರ್ ಅಂಗಡಿಯ ಹುಡುಗನವರೆಗೆ ಎಲ್ಲರೂ ಒಪ್ಪಿಬಿಟ್ಟ ಸಂಗತಿ. ನನಗೆ ಕುಡಿತದ ಮೇಲೆ ಜಗಳವಿಲ್ಲ. ಮಿತವಾಗಿ, ಆಗೊಮ್ಮೆ ಈಗೊಮ್ಮೆ, ನಾನೂ ಆ ಪಂಕ್ತಿಯವನೇ. ಜಗಳ ಇರುವುದು ಮರಮುಟ್ಟಿನ ಮೇಲೆ. ಮನೆಯ ಬಾರಿಗೆ ಮೊಟ್ಟಮೊದಲು ಬೇಡವಾದದ್ದೇ ಕೌಂಟರು ಎಂಬುದು ನನ್ನ ವಾದ.

ಕೌಂಟರು ಅಂಗಡಿಯ ಸಾಮಾನು. ಇಂಗ್ಲೆಂಡಿನ ಹಳೆಯ ಪಾನಗೃಹಗಳಲ್ಲಿ ಗಿರಾಕಿ ಬೆಂಚಿನ ಮೇಲೆ ಕೂರುತ್ತಿದ್ದ, ನೆಲಮಾಳಿಗೆಯ ಪೀಪಾಯಿಯಿಂದ ಹುಡುಗನೊಬ್ಬ ತಂದುಕೊಡುತ್ತಿದ್ದ. ಉದ್ದನೆಯ ಕೌಂಟರು ಮೆರೆದದ್ದು 1830ರ ಆಸುಪಾಸಿನ ಲಂಡನ್ನಿನ ಜಿನ್ ಅಂಗಡಿಗಳಲ್ಲಿ. ಅವುಗಳ ವೈಭವಕ್ಕೆ ಜನ ‘ಜಿನ್ ಪ್ಯಾಲೇಸ್’ ಎಂದೇ ಕರೆದರು. ಬಂದವನು ನಿಂತೇ ಕುಡಿದು, ದುಡ್ಡು ಕೊಟ್ಟು, ಮುಂದಿನವನಿಗೆ ಜಾಗ ಬಿಡಬೇಕು. ಅದಕ್ಕೆ ತಕ್ಕ ಎತ್ತರ. ಒಳಗೆ ಇನ್ನೇನೋ ಇದೆ ಎಂದು ಬೀದಿಯವರನ್ನು ಸೆಳೆಯಲು ಗ್ಯಾಸ್ ದೀಪ, ಆಳೆತ್ತರದ ಕನ್ನಡಿ. ಭಾವನ ಬಣ್ಣದ ದೀಪಕ್ಕೂ ಗಾಜಿನ ಹಲಗೆಗೂ ಮೂಲಪುರುಷರು ಇವೇ. ಆಮೇಲೆ ಅಮೆರಿಕದಲ್ಲಿ 1933ರ ಡಿಸೆಂಬರಿನಲ್ಲಿ ಪಾನನಿಷೇಧ ಮುಗಿದು, ಎರಡನೆಯ ಮಹಾಯುದ್ಧ ಕಳೆದ ಮೇಲೆ ಈ ಅಂಗಡಿಕಟ್ಟೆ ಅಲ್ಲಿನ ಮನೆಗಳ ನೆಲಮಾಳಿಗೆಗೆ ಇಳಿಯಿತು. ಸಿನಿಮಾ ಅದನ್ನು ಊರೂರಿಗೆ ತೋರಿಸಿತು. ನಮ್ಮ ಮಹಡಿಗೆ ಹತ್ತಲು ಇಷ್ಟು ದಿನ ಬೇಕಾಯಿತು, ಅಷ್ಟೆ.

ಬಾರ್ ಎಂಬ ಇಂಗ್ಲಿಷ್ ಮಾತಿಗೇ ಅಡ್ಡಪಟ್ಟಿ, ತಡೆ ಎಂಬ ಅರ್ಥವಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉಣುಗೋಲು, ದಣಪೆ. ದನ ಒಳಗೆ ನುಗ್ಗದ ಹಾಗೆ ತೋಟದ ಬಾಯಿಗೆ ಹಾಕುವುದು. ಮಾರುವವನ ಸರಕಿಗೂ ಕೊಳ್ಳುವವನ ಕೈಗೂ ನಡುವೆ ಅಂಥದೊಂದು ದಣಪೆ ಬೇಕು, ಸರಿ. ಮನೆಯಲ್ಲಿ ಯಾರಿಂದ ಯಾರನ್ನು ತಡೆಯಲಿಕ್ಕೆ?

ಅಳತೆಗೆ ಬರೋಣ. ಬಾರ್ ಕೌಂಟರಿನ ಎತ್ತರ 42 ಇಂಚು. ಅದಕ್ಕೆ ಹೊಂದುವ ಸ್ಟೂಲಿನ ಆಸನ ನೆಲದಿಂದ 30 ಇಂಚು, ಅಂದರೆ ಎರಡೂವರೆ ಅಡಿ. ನಮ್ಮ ಊಟದ ಮೇಜಿನ ಎತ್ತರವೇ 30 ಇಂಚು. ಕೌಂಟರಿಗೆ ಕೂತವನು ಲೆಕ್ಕಕ್ಕೆ ಊಟದ ಮೇಜಿನ ಮೇಲೆ ಕೂತಂತೆ. ಈ ಎತ್ತರಕ್ಕೆ ಒಂದು ಕಾರಣ ಉಂಟು. ಕೌಂಟರಿನ ಒಳಗೆ ನಿಂತೇ ಕೆಲಸ ಮಾಡುವ ಆಳಿನ ಕಣ್ಣಿಗೆ ಕೂತ ಗಿರಾಕಿಯ ಕಣ್ಣು ಸರಿಸಮ ಬರಬೇಕು. ಹಾಗಾದರೆ ಮನೆಯಲ್ಲಿ ಒಳಗೆ ನಿಲ್ಲುವವರು ಯಾರು? ಭಾವನೇ. ಗೃಹಪ್ರವೇಶ ಆಗಿ ಎರಡು ವಾರಕ್ಕೆ ನಾವು ನಾಲ್ಕು ಜನ ಸೇರಿದ್ದೆವು. ಮನೆಯ ಯಜಮಾನ ಸಂಜೆಯಿಡೀ ಸಪ್ಲೈಯರ್ ಹಾಗೆ ನಿಂತಿದ್ದರು. ಕೂರಬೇಕೆಂದರೆ ಒಳಗೆ ಆಸನವಿಲ್ಲ. ಹೊರಗೆ ಬಂದು ಕೂತರೆ ಐಸು, ಸೋಡಾ, ಹುರಿದ ಗೋಡಂಬಿ ಎಲ್ಲವೂ ಕಟ್ಟೆಯ ಆಚೆ. ನಾವು ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಸಾಲಾಗಿ ಬಾಟಲಿಗಳನ್ನೇ ನೋಡುತ್ತ ಕೂತಿದ್ದೆವು. ಕೊನೆಯವನ ಮುಖ ನೋಡಬೇಕೆಂದರೆ ನಡುವಿನ ಇಬ್ಬರ ಎದೆಯ ಮೇಲಿಂದ ಬಗ್ಗಬೇಕು. ನಮ್ಮ ಕಡೆಯ ಮಾತುಕತೆಗೆ ಈ ವ್ಯವಸ್ಥೆ ಸುತಾರಾಂ ಒಗ್ಗುವುದಿಲ್ಲ. ಕೊಳೆರೋಗದ ಔಷಧಿ ಹೊಡೆದದ್ದರಿಂದ ಶುರುವಾಗಿ, ಕಾಳುಮೆಣಸಿನ ಧಾರಣೆ ಹಾದು, ಬೇಲಿಯ ತಕರಾರಿನ ಮೂರನೇ ವಾಯಿದೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ಆಗುತ್ತದೆ. ನಡುನಡುವೆ ಮೌನವೂ ಬೇಕು. ಮೌನವಾಗಿರಲು ಒರಗು ಬೇಕು. ಸ್ಟೂಲಿಗೆ ಒರಗಿಲ್ಲ.

ಇನ್ನು ಪಂಚೆ. ಎರಡೂವರೆ ಅಡಿ ಎತ್ತರದ ಆಸನಕ್ಕೆ ಪಂಚೆ ಉಟ್ಟವನು ಮರ್ಯಾದೆಯಿಂದ ಹತ್ತುವುದನ್ನು ನಾನು ಈವರೆಗೆ ಕಂಡಿಲ್ಲ. ಅವತ್ತು ಅರವತ್ತೈದು ದಾಟಿದ ನೆಂಟರೊಬ್ಬರು ಎರಡು ಸಲ ಪ್ರಯತ್ನಿಸಿ, “ನಾನು ಇಲ್ಲೇ ನಿಂತ್ಕಳ್ತೀನಿ ಬಿಡಿ” ಎಂದು ಗೋಡೆಗೆ ಒರಗಿದರು. ಕಾಲಿಡುವ ಬಳೆ ಕೆಳಗೆಲ್ಲೋ ಇರುತ್ತದೆ. ಎರಡನೇ ಗ್ಲಾಸು ಮುಗಿಸಿ ಇಳಿಯುವವನ ಕಾಲು ಆ ಬಳೆಯನ್ನು ಹುಡುಕಿಕೊಳ್ಳುವುದೇ ಒಂದು ಸಾಹಸ. ಕುಡಿದವನನ್ನು ಎತ್ತರದಲ್ಲಿ ಕೂರಿಸುವುದು ಬುದ್ಧಿವಂತರ ಕೆಲಸವಲ್ಲ ಎಂಬ ಸಣ್ಣ ಮಾತು ಇಷ್ಟು ಜನ ಎಂಜಿನಿಯರುಗಳಿಗೆ ಯಾಕೆ ಹೊಳೆಯಲಿಲ್ಲವೋ.

ಇಲ್ಲಿ ಇನ್ನೊಂದು ಕಡೆಯವರ ಮಾತಿಗೂ ಉತ್ತರ ಕೊಡಬೇಕು. ಮಠದ ಊರಿಗೆ ಹತ್ತಿರ ಇದ್ದುಕೊಂಡು ಇವೆಲ್ಲ ಯಾಕೆ, ಮನೆಯಲ್ಲಿ ಕುಡಿಯುವುದು ನಮ್ಮ ಸಂಸ್ಕೃತಿಯೇ ಅಲ್ಲ, ಆದ್ದರಿಂದ ಅದಕ್ಕೆ ನಮ್ಮದೆಂಬ ಪೀಠೋಪಕರಣವೂ ಇಲ್ಲ, ಬೇಕಾದವರು ಹೊರಗಿನಿಂದ ತರಲಿ ಎನ್ನುತ್ತಾರೆ ಇವರು. ಎಲ್ಲ ಮನೆಯ ಮಾತು ಒಂದೇ ಅಲ್ಲ, ಒಪ್ಪಿದೆ. ತಲೆಮಾರುಗಳಿಂದ ಮುಟ್ಟದ ಮನೆಗಳು ತುಂಗಾತೀರದಲ್ಲಿ ಬೇಕಾದಷ್ಟಿವೆ. ಹಾಗೆಂದು ಕಳ್ಳಿಗಾಗಿ ಬಗನಿ ಮರಕ್ಕೆ ಮಡಕೆ ಕಟ್ಟಿದವರು ಬೇರೆ ಸೀಮೆಯವರೇನಲ್ಲ. 1904ರಲ್ಲಿ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಕಳ್ಳನ್ನು ಮುಚ್ಚಿಡಲಿಲ್ಲ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ವೈನು ಹಾಕುವುದು ಹಲಸಿನ ಹಪ್ಪಳ ಒತ್ತುವಷ್ಟೇ ಸಹಜ. ಕಾಫಿ ತೋಟದ ಬಂಗಲೆಗಳ ಮಾತಂತೂ ಹೇಳುವುದೇ ಬೇಡ.

ಕುಡಿತ ಇತ್ತು, ಕೂರುವ ಜಾಗವೂ ಇತ್ತು. ಆ ಜಾಗಕ್ಕೆ ಜಗಲಿ ಎಂದು ಹೆಸರು. ಅಂಗಳದಿಂದ ಎರಡು ಮೆಟ್ಟಿಲು ಮೇಲೆ, ಮುಂಡಿಗೆಗಳ ನಡುವೆ, ಅಂಚಿಗೆ ಅಗಲದ ಮರದ ಹಲಗೆ. ಕೂತರೆ ಪಾದ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ, ಬೆನ್ನು ಮುಂಡಿಗೆಗೆ ಸಿಗುತ್ತದೆ, ಕಣ್ಣೆದುರು ಮಳೆ. ಅಲ್ಲಿ ಕಾಫಿ ಕುಡಿಯುವವನು, ಕವಳ ಹಾಕುವವನು, ಏನೂ ಬೇಡವೆಂದು ಸುಮ್ಮನೆ ಅಡಿಕೆ ಸುಲಿಯುವವನು ಒಟ್ಟಿಗೇ ಕೂರಬಹುದಿತ್ತು. ಕವಳದ ಹರಿವಾಣ ಕೈಯಿಂದ ಕೈಗೆ ಸರಿಯುತ್ತಿತ್ತು. ನನ್ನ ವಾದದ ಮೊಳೆ ಇಲ್ಲೇ ಇದೆ: ನಮ್ಮಲ್ಲಿ ಉಪಚಾರದ ಸಾಮಾನು ಅತಿಥಿಯ ಹತ್ತಿರ ಹೋಗುತ್ತಿತ್ತು, ಅತಿಥಿ ಎದ್ದು ಸಾಮಾನಿನ ಹತ್ತಿರ ಹೋಗುತ್ತಿರಲಿಲ್ಲ.

ಇಷ್ಟು ಹೇಳಿ ಜಗಲಿಯನ್ನು ಹೊಗಳಿ ಕೈತೊಳೆದುಕೊಂಡರೆ ಸುಳ್ಳು ಹೇಳಿದಂತಾಗುತ್ತದೆ. ಜಗಲಿಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಕೆಲವರಿಗೆ ಮೆಟ್ಟಿಲು, ಕೆಲವರಿಗೆ ಅಂಗಳ, ಇನ್ನು ಕೆಲವರಿಗೆ ಅಂಗಳದ ಆಚೆಯ ದರೆ. ಯಾರಿಗೆ ಚಾಪೆ, ಯಾರಿಗೆ ಮಣೆ, ಯಾರಿಗೆ ಬರಿನೆಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಬಗನಿ ಮರ ಹತ್ತಿ ಇಳಿಸಿಕೊಟ್ಟವನೇ ಅದನ್ನು ದೂರದಲ್ಲಿ ಕೂತು ಕುಡಿಯಬೇಕಿತ್ತು. ಹೆಂಗಸರಿಗೆ ಬಾಗಿಲಿನ ಮರೆ. ಈ ಲೆಕ್ಕದಲ್ಲಿ ಕೌಂಟರಿಗೆ ಒಂದು ಹೆಚ್ಚುಗಾರಿಕೆ ಇದೆ, ನಾನು ಅದನ್ನು ಕಸಿದುಕೊಳ್ಳುವುದಿಲ್ಲ. ಪೇಟೆಯ ಬಾರಿನಲ್ಲಿ ದುಡ್ಡು ಕೊಟ್ಟವನಿಗೆಲ್ಲ ಒಂದೇ ಎತ್ತರದ ಸ್ಟೂಲು, ಕುಲ ಕೇಳುವವರಿಲ್ಲ. ಹಾಗಾಗಿ ಜಗಲಿಯಿಂದ ಕಲಿಯಬೇಕಾದದ್ದು ಕೂರುವ ಬಗೆಯನ್ನು, ಕೌಂಟರಿನಿಂದ ಕಲಿಯಬೇಕಾದದ್ದು ಆ ಸಮಾನ ಎತ್ತರವನ್ನು. ಮನೆಯ ಬಾರಿನಲ್ಲಿ ಒಂದು ದೊಡ್ಡ ಸಿಂಹಾಸನ, ಉಳಿದದ್ದು ಸಣ್ಣ ಕುರ್ಚಿ ಎಂದು ಇರಬಾರದು.

ಅದೇ ಕಾರಣಕ್ಕೆ ಈಚೆಗೆ ಹೋಮ್‌ಸ್ಟೇಗಳು ಫ್ಯಾಷನ್ ಮಾಡಿರುವ ‘ಪ್ಲಾಂಟರ್ಸ್ ಚೇರ್’ ಕೂಡ ನನಗೆ ಬೇಡ. ಉದ್ದ ಕೈಯ, ಬೆತ್ತ ಹೆಣೆದ ಆರಾಮಕುರ್ಚಿ ನೋಡಲು ಚಂದ, ನಿಜ. ಕೆಲವುದರ ಕೈಯಲ್ಲಿ ಗ್ಲಾಸು ಕೂರಿಸಲು ಗುಂಡಿ ಕೂಡ ತೋಡಿರುತ್ತಾರೆ. ದೊರೆಗಳು ತೋಟ ಸುತ್ತಿ ಬಂದು ಅದರ ಕೈಗಳ ಮೇಲೆ ಕಾಲು ಚಾಚುತ್ತಿದ್ದರು, ಬೂಟು ಬಿಚ್ಚಲು ಆಳು ಬರುತ್ತಿದ್ದ. ಅಂದರೆ ಅದು ಒಬ್ಬ ಮಲಗಿ, ಉಳಿದವರು ನಿಂತಿರುವ ಲೋಕದ ಕುರ್ಚಿ. ವೆರಾಂಡದಲ್ಲಿ ಅಂಥದ್ದು ಒಂದೇ ಇರುತ್ತಿತ್ತು. ಎದುರಿಗೆ ರೈಟರು ಲೆಕ್ಕದ ಪುಸ್ತಕ ಹಿಡಿದು ನಿಂತಿರುತ್ತಿದ್ದ. ಆ ಕುರ್ಚಿಗೆ ಬೇಕಾಗುವ ಜಾಗ ಐದಡಿ. ಅದರಲ್ಲಿ ಬಿದ್ದುಕೊಂಡವನಿಗೆ ಸೂರಿನ ಹಂಚು ಕಾಣುತ್ತದೆ, ಎದುರಿನವನ ಮುಖ ಕಾಣುವುದಿಲ್ಲ. ಮತ್ತೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು. ಕೌಂಟರು ಅಂಗಡಿಯನ್ನು ಮನೆಗೆ ತಂದರೆ, ಇದು ಬಂಗಲೆಯನ್ನು ತರುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ಕೇಳಿದರೆ ಹೇಳುವುದು ಕಷ್ಟ.

ಸರಿ, ಮರಕ್ಕೆ ಬರೋಣ. ಈ ಮೂರು ತಾಲ್ಲೂಕಿನಲ್ಲಿ ಪೀಠೋಪಕರಣದ ಮೊದಲ ವಿಮರ್ಶಕ ಮಳೆ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವುದು ಸುದ್ದಿಯೇ ಅಲ್ಲ. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲಿ ಎಂದೂ ಹೇಳಿಕೊಳ್ಳುತ್ತಾರೆ, ಸಾಕಪ್ಪ ಎಂದೂ ಹೇಳಿಕೊಳ್ಳುತ್ತಾರೆ. ಆರಿದ್ರೆ, ಪುನರ್ವಸು ಕಳೆಯುವಷ್ಟರಲ್ಲಿ ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ದೇವರ ಪಟದ ಹಿಂದೆ ಬೂಸ್ಟು. ಬೆಂಗಳೂರಿನ ಒಣಹವೆಯ ಅಂಗಡಿಯಲ್ಲಿ ಮಿನುಗಿದ ಸಾಮಾನು ಇಲ್ಲಿ ಒಂದು ಆಷಾಢ ದಾಟಿದ ಮೇಲೆ ಮಾತನಾಡಬೇಕು.

ಭಾವನ ಕೌಂಟರಿನ ಒಳಮೈ ಪಾರ್ಟಿಕಲ್ ಬೋರ್ಡಿನದು. ಅದು ಅಂಟಿನಲ್ಲಿ ಕಲಸಿ ಒತ್ತಿದ ಮರದ ಹೊಟ್ಟು. ಅಂಚಿನ ಪಟ್ಟಿ ಒಂದು ಕಡೆ ಸಡಿಲವಾದರೆ ಸಾಕು, ತೇವ ಕುಡಿದು ಅವಲಕ್ಕಿಯ ಹಾಗೆ ಉಬ್ಬುತ್ತದೆ. ಮತ್ತೆ ಎಷ್ಟು ಒಣಗಿಸಿದರೂ ಹಳೆಯ ಅಳತೆಗೆ ಬರುವುದಿಲ್ಲ. ಮಾರಿದ ಅಂಗಡಿಯವರು “ವಾಟರ್‌ಪ್ರೂಫ್ ಸಾರ್” ಎಂದಿದ್ದರಂತೆ. ಆ ಮಾತಿಗೆ ಬೆಲೆಯಿಲ್ಲ, ಹಲಗೆಯ ಮೇಲಿನ ಅಚ್ಚಿಗೆ ಬೆಲೆ. ಸಾಮಾನ್ಯ ಪ್ಲೈವುಡ್ಡಿಗೆ ಐಎಸ್ 303, ಮರೀನ್ ಪ್ಲೈವುಡ್ಡಿಗೆ ಐಎಸ್ 710 ಎಂದು ಮುದ್ರೆ ಇರುತ್ತದೆ. ಎರಡನೆಯದನ್ನು 72 ಗಂಟೆ ಕುದಿಸಿಯೂ ಪದರ ಬಿಡುತ್ತದೋ ಎಂದು ನೋಡುತ್ತಾರೆ. ಪ್ಲೈವುಡ್ಡೇ ಬೇಕೆನ್ನುವವರು ಮಲೆನಾಡಿನಲ್ಲಿ ಈ ಎರಡನೆಯದಕ್ಕಿಂತ ಕೆಳಗೆ ಇಳಿಯಬಾರದು. ಸ್ಟೂಲಿನ ರೆಕ್ಸಿನ್ನಿನ ಕತೆಯೂ ಅಷ್ಟೆ. ಚರ್ಮದ ಹಾಗೆ ಕಾಣುವ ಪಾಲಿಯುರಿಥೇನ್ ಪದರವನ್ನು ತೇವ ಒಳಗಿಂದಲೇ ಮುರಿಯುತ್ತದೆ. ಎರಡು ಮೂರು ಮಳೆಗಾಲಕ್ಕೆ ಪೊರೆ ಬಿಟ್ಟ ಹಾವಿನಂತೆ ಸುಲಿದು ಕೂತವನ ಪಂಚೆಗೆ ಅಂಟುತ್ತದೆ. ಕ್ರೋಮಿನ ಬಳೆಗೆ ತುಕ್ಕಿನ ಚುಕ್ಕೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನಕ್ಕೂ ಬಾರದ ನಮ್ಮ ಊರಿನಲ್ಲಿ ಆ ಬಣ್ಣದ ದೀಪದ ಮಾತು ಎತ್ತುವುದೇ ಬೇಡ.

ಇದಕ್ಕೆ ಉತ್ತರವಾಗಿ ‘ನಮ್ಮ ಮಣ್ಣಿನ ಮರ’ ಎನ್ನುವವರ ಬಾಯಲ್ಲಿ ಮೊದಲು ಬರುವುದು ಬೀಟೆ. ಬೀಟೆಯ ಬಾರ್ ಎಂದರೆ ಪ್ರತಿಷ್ಠೆಯ ಕೊನೆಯ ಮೆಟ್ಟಿಲು. ನಿಮ್ಮ ತೋಟದಲ್ಲೇ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಕಡಿಯುವಂತಿಲ್ಲ, ಸಾಗಿಸಲು ಪಾಸು ಬೇಕು. ಬೀಟೆಯ ಕುಲದ ಮರಗಳು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಯಲ್ಲೂ ಇವೆ. ನೂರು ವರ್ಷ ಬೆಳೆದದ್ದನ್ನು ಸೋಡಾ ಬಾಟಲಿ ಕುಟ್ಟಲಿಕ್ಕೆ ಹಲಗೆ ಮಾಡುವುದು ನನ್ನ ಕಣ್ಣಿಗೆ ದೌಲತ್ತಲ್ಲ, ದಡ್ಡತನ. ಕಳಚಿದ ಹಳೆಯ ಮನೆಯ ಮುಂಡಿಗೆಗಳನ್ನು ಕೊಂಡು ಕೌಂಟರಿನ ಕಾಲು ಮಾಡುವವರೂ ಇದ್ದಾರೆ. ಸೂರು ಹೊತ್ತ ಕಂಬಕ್ಕೆ ಗ್ರಾನೈಟು ಹೊರಿಸುವುದು! ಹಳೆಯದನ್ನು ಉಳಿಸಿದೆವು ಎಂದು ಬೇರೆ ಹೇಳಿಕೊಳ್ಳುತ್ತಾರೆ.

ಕಾಫಿ ಬುಡದ ಟೀಪಾಯಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗುತ್ತೇನೆ. ಬೇರು ಸಮೇತ ಕಿತ್ತ ಹಳೆಯ ಕಾಫಿ ಗಿಡ ತಲೆಕೆಳಗಾಗಿಸಿ ಮೇಲೊಂದು ದುಂಡನೆ ಗಾಜು. ಚಿಕ್ಕಮಗಳೂರು ಜಿಲ್ಲೆಗೆ ಬಂದವರು ಇದನ್ನು ಕೊಳ್ಳದೆ ಹೋಗುವುದಿಲ್ಲ. ಈಗ ಇಲ್ಲಿಯವರೇ ‘ಲೋಕಲ್ ಟಚ್’ ಎಂದು ಬಾರಿನ ಮುಂದೆ ಇಡುತ್ತಾರೆ. ಬೇರುಗಳು ನಾಲ್ಕೂ ದಿಕ್ಕಿಗೆ ಚಾಚಿ ಮೊಣಕಾಲು ಇಡಲು ಜಾಗ ಕೊಡುವುದಿಲ್ಲ. ಸಂದುಗಳಲ್ಲಿ ಕೂತ ಧೂಳು ತೆಗೆಯಲು ಹಲ್ಲುಜ್ಜುವ ಬ್ರಶ್ಶೇ ಬೇಕು. ಇನ್ನೂ ಒಂದು ಸಂಗತಿ ಇದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಅದನ್ನು ಬುಡ ಸಮೇತ ಕಿತ್ತು ಸುಡಬೇಕೆಂದು ಕಾಫಿ ಬೆಳೆಗಾರರಿಗೆ ಹೇಳುತ್ತಲೇ ಬಂದಿದ್ದಾರೆ. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ನಮ್ಮ ಬಾಳೆಹೊನ್ನೂರಿನ ಪಕ್ಕದಲ್ಲೇ ಇದೆ. ಕೊಳ್ಳುವ ಮುಂಚೆ ಬುಡದಲ್ಲಿ ತೂತು ಇದೆಯೇ, ತಟ್ಟಿದರೆ ಹುಡಿ ಉದುರುತ್ತದೆಯೇ ಎಂದಾದರೂ ನೋಡಿ. ಒಲೆಗೆ ಹೋಗಬೇಕಾದದ್ದನ್ನು ನಡುಮನೆಗೆ ತಂದು ದುಡ್ಡು ಕೊಟ್ಟೆವು ಎಂದಾಗಬಾರದು.

ಹಾಗಾದರೆ ಯಾವ ಮರ? ಹಲಸು. ಪ್ರತಿಷ್ಠೆ ಇಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ. ಹೊಸತರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದಂತೆ ಜೇನಿನ ಕಡೆಗೆ ತಿರುಗುತ್ತದೆ. ಚೆನ್ನಾಗಿ ಒಣಗಿದ್ದರೆ ಹುಳುವೂ ಸುಲಭಕ್ಕೆ ಮುಟ್ಟುವುದಿಲ್ಲ. ನರಸಿಂಹರಾಜಪುರದ ಕಡೆ ಹಾಲು ಬತ್ತಿದ ರಬ್ಬರ್ ಮರವೂ ಅಗ್ಗ, ನೋಡಲು ನಯ. ಆದರೆ ಬೋರಾಕ್ಸ್ ಉಪಚಾರ ಆಗದ ರಬ್ಬರ್ ಮರಕ್ಕೆ ಕುಟ್ಟೆ ಹಿಡಿಯುವುದು ಖಚಿತ, ಆದದ್ದನ್ನೂ ತೇವದಿಂದ ದೂರ ಇಡಬೇಕು. ಭಾವನ ಸ್ಟೂಲುಗಳ ಕಾಲು ಈ ಮರದ್ದೇ. ಇನ್ನು ಆಸನಕ್ಕೆ ಬೇಕಾದದ್ದು ರೆಕ್ಸಿನ್ ಅಲ್ಲ, ಬೆತ್ತದ ಹೆಣಿಗೆ. ಗಾಳಿ ಆಡುತ್ತದೆ, ಬೂಸ್ಟು ಬಂದರೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಾಕಿದರೆ ಹೋಗುತ್ತದೆ, ಹರಿದರೆ ಮತ್ತೆ ಹೆಣೆಸಬಹುದು. ರಿಪೇರಿ ಆಗದ ಸಾಮಾನನ್ನು ಕೊಳ್ಳುವುದಕ್ಕಿಂತ ಚಾಪೆ ಮೇಲು.

ಪಾಲಿಶಿನ ವಿಷಯ ಯಾರೂ ಕೇಳುವುದಿಲ್ಲ, ಕೇಳಬೇಕು. ಹಳೆಯ ಮೇಜುಗಳಿಗೆ ಹಚ್ಚುತ್ತಿದ್ದ ಫ್ರೆಂಚ್ ಪಾಲಿಶ್ ಎಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಸ್ಪಿರಿಟ್ಟಿನಲ್ಲಿ ಕರಗಿದ್ದು ವಿಸ್ಕಿ ಚೆಲ್ಲಿದರೂ ಕರಗುತ್ತದೆ. ತಣ್ಣನೆಯ ಗ್ಲಾಸಿನ ಬೆವರಿಗೆ ಬಿಳಿ ಬಳೆ ಬೀಳುತ್ತದೆ. ಅಜ್ಜನ ಕಾಲದ ಮೇಜನ್ನು ಬಾರಿಗೆ ಬಡ್ತಿ ಕೊಡುವವರು ಇದನ್ನು ತಿಳಿದಿರಲಿ. ಮೇಲೆ ಪಿಯು ಪಾಲಿಶ್ ಕೊಡಿಸಿ, ಇಲ್ಲವೇ ಅಗಸೆ ಎಣ್ಣೆ ತಿಕ್ಕಿ ಒರಟಾಗಿಯೇ ಬಿಡಿ. ನಮ್ಮ ಮರಗೆಲಸದ ಆಚಾರ್ರು ಕಪಾಟಿನ ಹಿಂಬದಿಗೂ ಕಾಲಿನ ಅಡಿಗೂ ಗೇರೆಣ್ಣೆ ಬಳಿಯುತ್ತಾರೆ, ಒರಲೆ ಹತ್ತಿರ ಸುಳಿಯದ ಹಾಗೆ. ಕೈ ಮುಟ್ಟುವ ಕಡೆ ಬಳಿಯಬಾರದು, ಚರ್ಮ ಸುಡುತ್ತದೆ.

ಪ್ರದರ್ಶನದ ಹಲಗೆಗಳಿಗೆ ಬಂದರೆ, ಅಲ್ಲಿ ಕಾನೂನೇ ನನ್ನ ಪರವಾಗಿದೆ. ಕರ್ನಾಟಕದ ಅಬಕಾರಿ ನಿಯಮದಲ್ಲಿ ಒಬ್ಬ ವ್ಯಕ್ತಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಮಿತಿ ಇದೆ. ಇಲ್ಲೇ ತಯಾರಾದ ವಿಸ್ಕಿ, ರಮ್ಮು, ಬ್ರಾಂದಿಯಾದರೆ ಅದು 750 ಮಿಲಿಯ ಮೂರು ಬಾಟಲಿಯ ಆಸುಪಾಸಿಗೆ ಬರುತ್ತದೆ. ಬಿಯರಿಗೆ 18 ಲೀಟರು ಚಿಲ್ಲರೆ, ಹೊರದೇಶದ ಸರಕಿನ ಲೆಕ್ಕ ಬೇರೆ. ಭಾವನ ಗೋಡೆಯ ಮೇಲೆ ನಲವತ್ತು ಬಾಟಲಿ ನಿಲ್ಲುವಷ್ಟು ಗಾಜಿನ ಹಲಗೆ ಇದೆ. ಅರ್ಧಕ್ಕಿಂತ ಹೆಚ್ಚು ಖಾಲಿ ಬಾಟಲಿಗಳು, ಕೆಲವಕ್ಕೆ ಟೀ ಡಿಕಾಕ್ಷನ್ ತುಂಬಿ ಇಟ್ಟಿದ್ದಾರೆ ಎಂದು ಅಕ್ಕ ನಗುತ್ತ ಹೇಳಿದಳು. ಅಲ್ಲದೆ ವಿಸ್ಕಿ ಬಾಟಲಿಯನ್ನು ನೆಟ್ಟಗೇ ನಿಲ್ಲಿಸಬೇಕು, ಮಲಗಿಸಿದರೆ ಬಿರಡೆ ಕೊಳೆಯುತ್ತದೆ. ಕಾರ್ಕಿನ ವೈನನ್ನು ಮಲಗಿಸಬೇಕು, ನಿಲ್ಲಿಸಿದರೆ ಬಿರಡೆ ಒಣಗುತ್ತದೆ. ಎರಡಕ್ಕೂ ಬೆಳಕು ಆಗದು. ಬೆಳಕು ಆಗದ ಪದಾರ್ಥಕ್ಕೆ ಬೆನ್ನ ಹಿಂದೆ ದೀಪ ಹಚ್ಚುವುದು ಯಾವ ಶಾಸ್ತ್ರ? ಎರಡಡಿ ಅಗಲದ, ಬಾಗಿಲು ಮತ್ತು ಬೀಗ ಇರುವ, ಹಳೆಯ ಗೋಡೆಕಪಾಟಿನಂಥದ್ದು ಸಾಕು. ಮಕ್ಕಳಿರುವ ಮನೆಯಲ್ಲಿ ಬೀಗವೇ ಮುಖ್ಯ.

ಬೀಗ ಎಂದರೆ ಮುಚ್ಚಿಡಿ ಎಂದಲ್ಲ. ನಿಜ ಹೇಳಬೇಕೆಂದರೆ ಈ ಮೂರು ತಾಲ್ಲೂಕಿನ ಅತಿ ದೊಡ್ಡ ಹೋಮ್ ಬಾರ್ ಕಾರಿನ ಡಿಕ್ಕಿ. ಅದು ತುಂಬಿದರೆ ತೋಟದ ಪಂಪ್‌ಹೌಸು, ಅಡಿಕೆ ಒಣಗಿಸುವ ಶೆಡ್ಡು, ಅಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ. 2007ರ ಜುಲೈಯಲ್ಲಿ ಸಾರಾಯಿ ನಿಂತು ಟೆಟ್ರಾ ಪ್ಯಾಕು ಬಂದ ಮೇಲೆ ಕುಡಿಯುವ ಜಾಗ ಇನ್ನಷ್ಟು ಚದುರಿತು. ಜೇಬಿನಲ್ಲಿ ಹಿಡಿಸುವುದಕ್ಕೆ ಕುರ್ಚಿ ಯಾಕೆ. ಮನೆಯವರ ಕಣ್ಣು ತಪ್ಪಿಸಿ ಕುಡಿದವನಿಗೆ ಸಾಕು ಎನ್ನುವವರು ಯಾರೂ ಇರುವುದಿಲ್ಲ. ಮಹಡಿಯ ಕೌಂಟರೂ ಒಂದು ಬಗೆಯ ಪಂಪ್‌ಹೌಸೇ, ಗ್ರಾನೈಟು ಹಾಕಿದ್ದು. ನಾನು ಅಕ್ಕನನ್ನು ಕೇಳಿದೆ, ನೀನು ಯಾಕೆ ಮೇಲೆ ಬರುವುದಿಲ್ಲ ಎಂದು.

“ಬಂದು ಎಲ್ಲಿ ಕೂರ್ಲಿ? ಒಳಗೆ ನಿಂತ್ರೆ ಬಡ್ಸೋಳು, ಹೊರಗೆ ಕೂತ್ರೆ ಕುಡಿಯೋಳು. ಸುಮ್ನೆ ಮಾತಾಡೋಕೆ ಬಂದೋಳು ಅಂತ ಒಂದು ಕುರ್ಚಿ ಅಲ್ಲಿಲ್ಲ.”

ಮನೆಬಾರಿನ ಪೀಠೋಪಕರಣದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ಅಂಗಡಿಗೆ ಹೋಗುವ ಮುಂಚೆ ಕೇಳಬೇಕಾದ ಪ್ರಶ್ನೆಯೂ ಇದೇ: ಕುಡಿಯದವರು ಎಲ್ಲಿ ಕೂರುತ್ತಾರೆ? ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಉಳಿದದ್ದು ತಾನಾಗಿ ಬರುತ್ತದೆ. ಒಂದೇ ಎತ್ತರದ, ಕೈ ಇರುವ, ಒರಗು ನೆಟ್ಟಗಿರುವ ನಾಲ್ಕೈದು ಬೆತ್ತದ ಕುರ್ಚಿ. ಆಸನ 17–18 ಇಂಚು, ಕೈ ನಾಲ್ಕು ಬೆರಳಿಗಿಂತ ಅಗಲ, ಗ್ಲಾಸೂ ಕಾಫಿ ಲೋಟವೂ ನಿಲ್ಲುವಷ್ಟು. ನಡುವೆ ಆಸನದಷ್ಟೇ ಎತ್ತರದ ಒಂದು ಹಲಸಿನ ಟೀಪಾಯಿ. ಓಡಾಡಿಸಲು ಅಂಚು ಎತ್ತರಿಸಿದ ಒಂದು ಹರಿವಾಣ. ಎಲ್ಲವೂ ಕಿಟಕಿಯ ಕಡೆ ಮುಖ ಮಾಡಿ. ಇದಕ್ಕೆ ಬಾರ್ ಎಂಬ ಹೆಸರೂ ಬೇಕಿಲ್ಲ.

ಕಳೆದ ದೀಪಾವಳಿ ಹೊತ್ತಿಗೆ ಕೌಂಟರಿನ ಬುಡ ಉಬ್ಬಿ ಸನ್‌ಮೈಕಾ ಬಾಯಿ ಬಿಟ್ಟಿತ್ತು. ಕಾಳುಮೆಣಸಿನ ಚೀಲ ಅದರ ಮೇಲೆ ಹತ್ತಿದ್ದವು. ಆಚಾರ್ರು ಬೇರೆ ಕೆಲಸಕ್ಕೆ ಬಂದಿದ್ದಾಗ ಭಾವ ಸ್ಟೂಲುಗಳನ್ನು ತೋರಿಸಿ, ಮಾರಿಬಿಡುವುದೋ ಹೇಗೆ ಎಂದು ಕೇಳಿದರು. ಆಚಾರ್ರು ಪಟ್ಟಿ ಹಿಡಿದು ಅಳೆದರು. 30 ಇಂಚು. “12 ತೆಗೆದ್ರೆ 18 ಆಯ್ತಲ್ಲ ಗೌಡ್ರೇ, ಮಾರೋದು ಎಂತಕ್ಕೆ” ಎಂದು ಗರಗಸ ತೆಗೆದರು. ಕ್ರೋಮಿನ ಬಳೆಗಳು ಕೊಟ್ಟಿಗೆಯಲ್ಲಿ ಹಗ್ಗ ನೇತುಹಾಕಲು ಹೋದವು. ಒರಗು ಇನ್ನೂ ಆಗಿಲ್ಲ, ಬೇಸಿಗೆಗೆ ಮಾಡಿಕೊಡುತ್ತಾರಂತೆ. ಈಗ ನಾಲ್ಕೂ ಕಿಟಕಿಯ ಬಳಿ ಇವೆ. ಒಂದರಲ್ಲಿ ಅಕ್ಕ ಅಡಿಕೆ ಆರಿಸುತ್ತ ಕೂರುತ್ತಾಳೆ. ಇನ್ನೊಂದರ ಕಾಲು ಕೊಯ್ಯುವಾಗ ಕೂದಲೆಳೆಯಷ್ಟು ಹೆಚ್ಚು ಹೋಗಿದೆ. ಅದರಡಿಗೆ ಮಡಚಿದ ಹಾಳೆಚೂರು ಕೊಟ್ಟು ನಾನು ಕೂರುತ್ತೇನೆ.